ಆ ಸಿನಿಮಾ ಅವ್ವನಿಗೆ ಕೇಳಿಸಿತ್ತೇ

ಡಿಸೆಂಬರ್ ನಡುಭಾಗಕ್ಕೆ ಬಂತೆಂದರೆ ಕೆ.ಆರ್. ಪೇಟೆಯಿಂದ ಗೆಳೆಯನ ಫೋನು ಬರುತ್ತದೆ. ಮೈಸೂರಿನಲ್ಲಿ ಎಂ.ಎ. ಓದುವಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ನಾನು ನಾಗಮಂಗಲದ ಕಾಲೇಜಿಗೆ ಚರಿತ್ರೆ ಪಾಠ ಮಾಡಲು ಸೇರಿದೆ. ಅವನು ಊರಿಗೆ ಹಿಂತಿರುಗಿ ಪ್ರೆಸ್ಸು ಇಟ್ಟು ಒಂದು ಪಾಕ್ಷಿಕ ಪತ್ರಿಕೆ ಶುರು ಮಾಡಿದ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವುದು ಯಾವಾಗ ಶುರು, ಯಾರ ಮನೆಯಲ್ಲಿ ತಿಥಿ, ಯಾರಿಗೆ ಸನ್ಮಾನ, ಇಂಥವೇ ಅದರ ತುಂಬ. ವರ್ಷದ ಕೊನೆಯ ಸಂಚಿಕೆಯಲ್ಲಿ ಮಾತ್ರ ಒಂದು ಪುಟ ನನ್ನದು. ಆ ವರ್ಷ ನನಗೆ ಹಿಡಿಸಿದ ಸಿನಿಮಾ, ಧಾರಾವಾಹಿ, ಮೊಬೈಲಿನಲ್ಲಿ ನೋಡಿದ್ದು, ಮನೆಗೆ ತಂದ ಯಾವುದಾದರೂ ಹೊಸ ಸಾಮಾನು.

ಇದನ್ನು ಓದುವವರಿದ್ದಾರೆ. ನಾಗಮಂಗಲ ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನು, "ಸಾ, ಈ ಸಲ ಏನ್ ಬರೀತೀರಿ ಮೊದ್ಲೇ ಏಳ್ಬುಡಿ, ತಕಳದೋ ಬ್ಯಾಡ್ವೋ ನೋಡ್ತೀನಿ" ಎನ್ನುತ್ತಾನೆ. ಒಂದು ವರ್ಷ ನಾನು ಹೊಗಳಿದ ಸೊಳ್ಳೆ ಬ್ಯಾಟನ್ನು ಅವನು ಕೊಂಡಿದ್ದ. ಅದು ಬೇಗನೆ ಸುಟ್ಟುಹೋಯಿತು. ಅಂದಿನಿಂದ ನನ್ನ ಟೀಗೆ ಸಕ್ಕರೆ ಕಡಿಮೆ ಬೀಳುತ್ತಿದೆ ಎಂದು ನನ್ನ ಗುಮಾನಿ.

ಈ ಸಲ ಗೆಳೆಯ ಫೋನು ಮಾಡಿದಾಗ ಮುಖ್ಯವಾದ ಎರಡು ನನ್ನ ತಲೆಯಲ್ಲಿ ಆಗಲೇ ತೀರ್ಮಾನವಾಗಿದ್ದವು. ವರ್ಷದ ಸಿನಿಮಾ, ಜನವರಿಯಲ್ಲಿ ಪಾಂಡವಪುರದ ಮನೆಯಲ್ಲಿ ಅವ್ವನ ಪಕ್ಕ ಕೂತು ನೋಡಿದ ಒಂದು ನಗೆಯ ಚಿತ್ರ. ವರ್ಷದ ಸಾಮಾನು, ತಂದು ವರ್ಷ ದಾಟಿದ್ದರೂ, ಅವ್ವನ ಕಿವಿ ಮಿಷನ್ನು. ಅವ್ವ ಆಗಸ್ಟಿನಲ್ಲಿ ತೀರಿಕೊಂಡಳು.

"ಲೇ, ಸತ್ತೋರ್ ವಿಸ್ಯ ಬರ್ದು ಅಳುಸ್ಬ್ಯಾಡ ಕಣ್ಲಾ. ವರ್ಸದ್ ಕೊನೇ ಸಂಚಿಕೆ" ಎಂದ ಗೆಳೆಯ.

"ಅಳ್ಸಲ್ಲ. ಅವ್ವ ನಕ್ಕಿದ್ದನ್ನ ಬರೀತೀನಿ."

"ಅಂಗಾರೆ ಬರಿ. ಮುಕ್ಕಾಲು ಪುಟ ಸಾಕು. ಪಕ್ಕದಲ್ಲಿ ಟ್ರಾಕ್ಟರ್ ಜಾಹೀರಾತು ಐತೆ. ಅವ್ನೂ ನಗ್ತಾವ್ನೆ."

ಅವ್ವ ನಕ್ಕಿದ್ದು ನನಗೆ ಯಾಕೆ ಅಷ್ಟು ಮುಖ್ಯ ಎಂದು ಅವನಿಗೆ ಹೇಳಲಿಲ್ಲ. ಇಲ್ಲಿ ಹೇಳಿಬಿಡುತ್ತೇನೆ. ನನ್ನ ಹೆಂಡತಿಗೆ ಶಿವಮೊಗ್ಗಕ್ಕೆ ವರ್ಗವಾಗಿದೆ ಎಂದು ಅಣ್ಣ ಅತ್ತಿಗೆ ಸೇರಿ ಎಲ್ಲರೂ ನಂಬಿದ್ದಾರೆ. ವರ್ಗವಾಗಿದ್ದು ನಿಜ, ಕೇಳಿಕೊಂಡು ಮಾಡಿಸಿಕೊಂಡದ್ದು. ಅವಳು ತಿರುಗಿ ಬರುವುದಿಲ್ಲ. ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನ ಮನೆಯಲ್ಲಿ ಈಗ ನಾನೊಬ್ಬನೇ. ಇದನ್ನು ನಾನು ಬಾಯಿಬಿಟ್ಟು ಹೇಳಿದ್ದು ಜೀವಮಾನದಲ್ಲಿ ಒಬ್ಬರಿಗೆ, ಅವ್ವನಿಗೆ, ಆ ಸಿನಿಮಾ ನೋಡಿದ ಸಂಜೆ. ಅಣ್ಣನೂ ಅತ್ತಿಗೆಯೂ ಹೊರಗೆಲ್ಲೋ ಹೋಗಿದ್ದರು. ಹೇಳಿದೆ. ಅವ್ವ ತಲೆದೂಗಿದಳು, ನನ್ನ ಮೊಣಕಾಲ ಮೇಲೆ ಕೈಯಿಟ್ಟಳು. ಆಮೇಲೆ ಸುಮ್ಮನೆ ಕೂತಿರಲಾಗದೆ ಟಿವಿ ಹಾಕಿದೆ. ಅದೇ ಈ ಸಿನಿಮಾ.

ಸಿನಿಮಾದಲ್ಲಿ ಬೀಗರೊಬ್ಬರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಾರೆ. ಕುರ್ಚಿಯ ಕಾಲು ಮುರಿಯುತ್ತದೆ. ಬಿದ್ದ ಜಾಗದಿಂದಲೇ ಅವರು, "ಕಾಫಿಗೆ ಬೆಲ್ಲಾನೇ ಹಾಕಿ" ಎನ್ನುತ್ತಾರೆ. ಅವ್ವ ಆ ಮಾತನ್ನು ತಾನೂ ಒಂದು ಸಲ ಹೇಳಿ, ಸೆರಗು ಬಾಯಿಗೆ ಹಿಡಿದು ನಕ್ಕಳು. ಮಿಷನ್ನಿಲ್ಲದೆ ಅವಳಿಗೆ ಒಂದು ಮಾತೂ ಕೇಳಿಸದು. ಹಾಗಾದರೆ ಮಿಷನ್ನು ಕೆಲಸ ಮಾಡುತ್ತಿತ್ತು. ಹಾಗಾದರೆ ಅದಕ್ಕೆ ಮುಂಚೆ ನಾನು ಹೇಳಿದ್ದೂ ಅವಳಿಗೆ ಕೇಳಿಸಿತ್ತು. ನನ್ನ ವಿಷಯ ತಿಳಿದ ಒಂದು ಜೀವ ಏಳೆಂಟು ತಿಂಗಳು ಈ ಭೂಮಿಯ ಮೇಲಿತ್ತು. ಇಷ್ಟನ್ನು ಇಟ್ಟುಕೊಂಡು ನಾನು ಈ ವರ್ಷ ಕಳೆದೆ.

ಕಿವಿ ಮಿಷನ್ನಿನ ಬಗ್ಗೆ ಬರೆಯುವ ಮುಂಚೆ ಅದನ್ನೊಮ್ಮೆ ಕೈಯಲ್ಲಿ ಹಿಡಿದು ನೋಡೋಣ ಎಂದು ಭಾನುವಾರ ಪಾಂಡವಪುರಕ್ಕೆ ಹೋದೆ. ನಾವು ಅಕ್ಕಸಾಲಿಗರು. ಅಪ್ಪನ ಕೆಲಸವನ್ನು ಅಣ್ಣ ಮುಂದುವರಿಸಿದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅತ್ತಿಗೆ ಬೀರುವಿನಿಂದ ಮಿಷನ್ನನ್ನೂ ಒಂದು ಸಣ್ಣ ತಗಡಿನ ಡಬ್ಬಿಯನ್ನೂ ತಂದುಕೊಟ್ಟರು. ಡಬ್ಬಿಯಲ್ಲಿ ಹತ್ತಿ. ಹತ್ತಿಯೊಳಗೆ ಸಾಲಾಗಿ, ಮೂಗುಬೊಟ್ಟು ಜೋಡಿಸಿಟ್ಟ ಹಾಗೆ, ಗುಂಡು ಸೆಲ್ಲುಗಳು.

ಒಂದನ್ನು ಮಿಷನ್ನಿಗೆ ಹಾಕಿ ಕಿವಿಗೆ ಇಟ್ಟುಕೊಂಡೆ. ಸದ್ದಿಲ್ಲ. ಇನ್ನೊಂದು ಹಾಕಿದೆ. ಅದೂ ಇಲ್ಲ. ಡಬ್ಬಿಯಲ್ಲಿದ್ದ ಅಷ್ಟನ್ನೂ ಒಂದೊಂದಾಗಿ ಹಾಕಿ ತೆಗೆದೆ.

"ಅಳೇವು ಕಣ್ಲಾ, ಸತ್ತೋಗಿರ್ತವೆ" ಎಂದ ಅಣ್ಣ, ಕುಲುಮೆಯ ಮುಂದಿನಿಂದ ತಲೆಯೆತ್ತದೆ.

ಮಿಷನ್ನನ್ನು ನನ್ನ ಜೊತೆಗೇ ತಂದು, ಮಾರನೆಯ ದಿನ ಮೈಸೂರಿಗೆ ಹೋಗಿ ಹೊಸ ಸೆಲ್ಲು ತಂದೆ. ಪ್ರತಿ ಸೆಲ್ಲಿನ ಬೆನ್ನಿಗೂ ಒಂದು ಕೇಸರಿ ಬಣ್ಣದ ಸ್ಟಿಕ್ಕರು ಅಂಟಿತ್ತು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಸ್ಟಿಕ್ಕರು ಇರುವ ತನಕ ಸೆಲ್ಲು ಹಾಗೇ ಇರುತ್ತದೆ. ಕಿತ್ತ ಕೂಡಲೇ ಒಳಕ್ಕೆ ಗಾಳಿ ಹೋಗಿ ಖರ್ಚಾಗಲು ಶುರು. ಬಳಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಕೆಲವು ವಾರದಲ್ಲಿ ಮುಗಿಯುತ್ತದೆ. ತಿರುಗಿ ಅಂಟಿಸಿದರೆ ಪ್ರಯೋಜನವಿಲ್ಲ. ಸ್ಟಿಕ್ಕರು ಕಿತ್ತು ಮಿಷನ್ನಿಗೆ ಹಾಕಿದೆ. ಕಿವಿಯ ಹತ್ತಿರ ತರುವ ಮುಂಚೆಯೇ ಅದು ಸಿಳ್ಳೆ ಹಾಕಿತು. ಮಿಷನ್ನು ಚೆನ್ನಾಗಿಯೇ ಇತ್ತು.

ಡಬ್ಬಿಯಲ್ಲಿದ್ದ ಯಾವ ಸೆಲ್ಲಿನ ಮೇಲೂ ಸ್ಟಿಕ್ಕರಿರಲಿಲ್ಲ. ಅವುಗಳ ಬೆನ್ನು ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ಮಾಡಿದ್ದು ಯಾರೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಅಪ್ಪ ಬದುಕಿದ್ದಾಗ ಒಡವೆಯನ್ನು ಅರಗಿಗೆ ಅಂಟಿಸಿ ಕೆತ್ತನೆ ಮಾಡುತ್ತಿದ್ದ. ಕೆಲಸ ಮುಗಿದ ಮೇಲೆ ಅರಗು ಬಿಡಿಸಿ ತೊಳೆಯುವುದು ಅವ್ವನ ಪಾಲು. ಅಂಟುವಾಳಕಾಯಿ ನೀರು, ಹಂದಿಕೂದಲಿನ ಬ್ರಷ್ಷು, ಕೊನೆಗೆ ಉಗುರು. ಚೂರು ಅಂಟು ಉಳಿದರೂ ತೂಕ ತಪ್ಪುತ್ತದೆ, ಪಕ್ಕದ ಒಡವೆಗೆ ಹತ್ತಿಕೊಳ್ಳುತ್ತದೆ. ಅಂಟಿರುವ ಸಾಮಾನು ಡಬ್ಬಿಗೆ ಹೋಗಬಾರದು, ಅದು ನಮ್ಮ ಮನೆಯ ಕಾನೂನು. ಬೇರೆ ಯಾರ ಮನೆಯ ಮುದುಕಿಯಾದರೂ ಆ ಸೆಲ್ಲುಗಳನ್ನು ಪೊಟ್ಟಣದಲ್ಲೇ ಬಿಟ್ಟಿರುತ್ತಿದ್ದಳು. ಅಕ್ಕಸಾಲಿಯ ಹೆಂಡತಿ ಬಿಡಲಿಲ್ಲ. ಒಂದೊಂದನ್ನೂ ಬಿಡಿಸಿ, ಅಂಟು ಕೆರೆದು, ಒರೆಸಿ, ಹತ್ತಿಯಲ್ಲಿ ಇಟ್ಟಳು.

ಮಿಷನ್ನು ತಂದದ್ದು ಆ ಜನವರಿಗೆ ಹಿಂದಿನ ದಸರಾ ಹೊತ್ತಿಗೆ. ಆಗಲೇ ಸೆಲ್ಲುಗಳನ್ನೂ ರಾಶಿ ತಂದಿದ್ದೆವು. ಪ್ರಶ್ನೆ ಇಷ್ಟೇ. ಅವ್ವ ಸ್ಟಿಕ್ಕರುಗಳನ್ನು ಕಿತ್ತದ್ದು ಯಾವಾಗ? ತಂದ ಹೊಸದರಲ್ಲೇ ಆಗಿದ್ದರೆ, ಜನವರಿಯ ಆ ಸಂಜೆ ಅವಳ ಕಿವಿಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಚೂರು. ಸಿನಿಮಾದ ನಂತರ ಕಿತ್ತಿದ್ದರೆ, ಅವಳಿಗೆ ಎಲ್ಲವೂ ಕೇಳಿಸಿತ್ತು.

ಮತ್ತೆ ಪಾಂಡವಪುರಕ್ಕೆ ಹೋದೆ. ಕಾಲೇಜು ಮುಗಿಸಿ ನಾಗಮಂಗಲದಿಂದ ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಬರುವಾಗ ಪಾಂಡವಪುರ ದಾರಿಯಲ್ಲೇ ಸಿಗುತ್ತದೆ. ಹಾಗಾಗಿ ಆ ವಾರವೆಲ್ಲ ಇಳಿದದ್ದೇ ಇಳಿದದ್ದು.

"ಅಣ್ಣ, ಅವ್ವ ಈ ಸೆಲ್ಲಿನ ಸ್ಟಿಕ್ಕರೆಲ್ಲ ಕಿತ್ತಿದ್ದು ಯಾವಾಗ?"

"ತಂದ ದಿಸ್ವೇ ಕಣ್ಲಾ. ಇಲ್ಲೇ ಕೂತ್ಕಂಡು ಉಗುರ್ನಲ್ಲಿ ಕೆರ್ದು ಕೆರ್ದು ತಗುದ್ಲು. ನಾನೇ ನೋಡ್ದೆ."

"ನೋಡಿ ಸುಮ್ನಿದ್ಯಾ?"

"ಇನ್ನೇನ್ ಮಾಡ್ಲಿ? ಅಂಟಿರೋದ್ನ ಡಬ್ಬಿಗಾಕ್ತಾರೇನ್ಲಾ?"

ಒಳಗಿನಿಂದ ಅತ್ತಿಗೆಯ ದನಿ ಬಂತು. "ತಂದ ದಿಸ ಎಲ್ಲಿ? ಸಂಕ್ರಾಂತಿ ಆದ್ಮೇಲೆ. ಎಳ್ಳು ಬೆಲ್ಲ ಬೀರಿ ಡಬ್ಬಿ ಖಾಲಿ ಆಯ್ತಲ್ಲ, ಅತ್ತೆ ಅದ್ನೇ ತೊಳ್ಕಂಡು ಸೆಲ್ಲಾಕಂಡ್ರು."

"ಅದು ಬ್ಯಾರೆ ಡಬ್ಬಿ ಕಣೆ."

"ನಿಮ್ಗೇನ್ ಗೊತ್ತು ನಮ್ ಅಡ್ಗೆಮನೆ ಡಬ್ಬಿ? ಉಪ್ಪಿನ ಡಬ್ಬಿ ಯಾವುದು ಅಂತ ಇವತ್ಗೂ ಗೊತ್ತಿಲ್ಲ."

"ಅತ್ತಿಗೆ, ಸಿನಿಮಾ ನೋಡಿದ್ದು ಸಂಕ್ರಾಂತಿಗೆ ಮುಂಚೆಯೋ ಆಮೇಲೋ?"

"ಅವರೆಕಾಯಿ ಇತ್ತು ಮನೇಲಿ. ಅಷ್ಟು ಗೊತ್ತು."

ಅವರೆಕಾಯಿ ಸಂಕ್ರಾಂತಿಯ ಆಚೆಗೂ ಇರುತ್ತದೆ, ಈಚೆಗೂ ಇರುತ್ತದೆ. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಮುಚ್ಚಳ ತೆರೆದು ಮೂಸಿದೆ. ಎಳ್ಳಿನ ವಾಸನೆ ಬಂತು. ಎರಡನೆಯ ಸಲ ಮೂಸಿದೆ, ಬರೀ ತಗಡಿನ ವಾಸನೆ. ಅಣ್ಣ ನನ್ನನ್ನೇ ನೋಡುತ್ತಿದ್ದ. "ಓದ್ಸಿದ್ದು ಇದ್ಕೇ" ಎಂದು ಇಕ್ಕುಳ ಎತ್ತಿಕೊಂಡ.

ತರಗತಿಯಲ್ಲಿ ನಾನು ಹುಡುಗರಿಗೆ ಹೇಳುವುದು ಒಂದೇ. ಒಂದು ಸಾಕ್ಷಿಯನ್ನು ನಂಬಬೇಡಿ, ಎರಡು ಸಾಕ್ಷಿ ಒಪ್ಪದಿದ್ದರೆ ಮೂರನೆಯದನ್ನು ಹುಡುಕಿ, ನಿಮಗೆ ಬೇಕಾದ ಉತ್ತರ ಕೊಡುವ ಸಾಕ್ಷಿಯನ್ನು ಎಲ್ಲಕ್ಕಿಂತ ಹೆಚ್ಚು ಅನುಮಾನಿಸಿ. ಅತ್ತಿಗೆಯ ಸಾಕ್ಷಿ ನನಗೆ ಬೇಕಾದದ್ದು. ಆದ್ದರಿಂದಲೇ ನಂಬಲಾಗಲಿಲ್ಲ. ಉಳಿದದ್ದು ನನ್ನದೇ ಸಾಕ್ಷಿ, ಅವ್ವನ ನಗು. ಬೆಲ್ಲದ ಮಾತು ಅವಳಿಗೆ ಕೇಳಿಸದೆ ಅವಳು ಅದನ್ನು ತಿರುಗಿ ಹೇಳುವುದು ಹೇಗೆ? ಅದೊಂದು ಗಟ್ಟಿಯಾಗಿದ್ದರೆ ಡಬ್ಬಿ ಯಾವುದಾದರೇನು?

ಮುಂದಿನ ಭಾನುವಾರ ಬೆಳಗ್ಗೆ ಬಾಬುರಾಯನಕೊಪ್ಪಲಿನ ಮನೆಯಲ್ಲಿ ಆ ಸಿನಿಮಾವನ್ನು ಮೊಬೈಲಿನಲ್ಲಿ ಹುಡುಕಿ ಹಾಕಿದೆ. ಕೆಲಸವಿಲ್ಲದ ಹುಡುಗನೊಬ್ಬ ಡಾಕ್ಟರೆಂದು ಸುಳ್ಳು ಹೇಳಿ ತಾನು ಮೆಚ್ಚಿದ ಹುಡುಗಿಯ ಮನೆ ಸೇರುವ ಕತೆ. ಕುತ್ತಿಗೆಗೆ ಸ್ಟೆತಾಸ್ಕೋಪು, ಹುಡುಗಿಯ ಅಪ್ಪನಿಗೆ ಇಲ್ಲದ ಕಾಯಿಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತ ಬಜ್ಜಿ ಕದ್ದು ತಿನ್ನುವ ಒಬ್ಬ ದಪ್ಪನೆಯ ಅಡುಗೆಯವಳು. ಕುರ್ಚಿಗಾಗಿ ಕಾದೆ. ಮಧ್ಯಂತರ ಬಂತು, ಕುರ್ಚಿ ಬರಲಿಲ್ಲ. ಸಿನಿಮಾ ಮುಗಿಯಿತು, ಕುರ್ಚಿ ಬರಲಿಲ್ಲ. ಎಲ್ಲೋ ಕಣ್ಣು ತಪ್ಪಿರಬೇಕೆಂದು ತಿರುಗಿ ಹಾಕಿದೆ. ಆ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯೇ ಇಲ್ಲ, ಎಲ್ಲರೂ ಸೋಫಾದ ಮೇಲೆ ಕೂರುತ್ತಾರೆ. ಬೀಗರೂ ಇಲ್ಲ, ಬೆಲ್ಲವೂ ಇಲ್ಲ.

ಹಾಗಾದರೆ ಆ ಕುರ್ಚಿ ಎಲ್ಲಿಯದು? ಬೇರೆ ಸಿನಿಮಾದ್ದೋ, ಯಾರೋ ಕಳಿಸಿದ ತುಣುಕೋ, ಯಾರದೋ ನಿಶ್ಚಿತಾರ್ಥದಲ್ಲಿ ನಿಜವಾಗಿ ನಡೆದದ್ದೋ. ಅವ್ವ ಸೆರಗು ಬಾಯಿಗೆ ಹಿಡಿದದ್ದು ನನ್ನ ಕಣ್ಣಿಗೆ ಈಗಲೂ ಕಾಣುತ್ತದೆ, ಸೀರೆಯ ಅಂಚು ಸಹಿತ. ಆದರೆ ಅವಳ ಮುಂದೆ ಪರದೆಯಲ್ಲಿ ಏನೂ ಇಲ್ಲ. ಯಾವಾಗಲೋ ನಕ್ಕ ಅವ್ವನನ್ನು ತಂದು ಆ ಸಂಜೆಗೆ ಕೂರಿಸಿದ್ದೇನೆ. ಹಾಗೆ ಕೂರಿಸಿದವನು ಮೊಣಕಾಲ ಮೇಲಿನ ಕೈಯನ್ನೂ ಕೂರಿಸಿರಬಹುದಲ್ಲವೆ? ತಲೆದೂಗಿದ್ದನ್ನು? ಹೇಳಿದ್ದನ್ನೇ? ಬಾಯಿಬಿಟ್ಟು ಹೇಳಿದೆನೋ, ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನೇ ಹೇಳಿದೆ ಎಂದುಕೊಂಡೆನೋ? ಮಧ್ಯಾಹ್ನದ ಅನ್ನಕ್ಕಿಡುವುದನ್ನೂ ಮರೆತು ಮನೆಯೊಳಗೇ ಓಡಾಡಿದೆ. ಹೆಂಡತಿಯ ನಂಬರು ತೆಗೆದೆ, ಒತ್ತಲಿಲ್ಲ. ಅವಳನ್ನು ಏನೆಂದು ಕೇಳುವುದು? ನೀನು ಹೋದದ್ದಾದರೂ ನಿಜ ತಾನೆ ಎಂದೇ?

ಗೆಳೆಯನ ಫೋನು ಬಂತು. "ಎಲ್ಲಿ ನಿನ್ ಪುಟ? ನಾಳೆ ಪ್ರಿಂಟಿಗೆ ಕೊಡ್ಬೇಕು."

ಅಂದೇ ಬರೆದು ಕಳಿಸಿದೆ. ಒಂದು ಧಾರಾವಾಹಿ, ಮೊಬೈಲಿನಲ್ಲಿ ನೋಡಿದ ಒಂದು ಅಡುಗೆ ಸರಣಿ, ಕುತ್ತಿಗೆಗೆ ನೇತುಹಾಕುವ ಚಾರ್ಜಿಂಗ್ ಫ್ಯಾನು. ಫ್ಯಾನನ್ನು ಹೊಗಳುವಾಗ ಟೀ ಅಂಗಡಿಯವನನ್ನು ನೆನೆದು ಸ್ವಲ್ಪ ಎಚ್ಚರ ವಹಿಸಿದೆ. ಸಿನಿಮಾ ಇಲ್ಲ, ಕಿವಿ ಮಿಷನ್ನೂ ಇಲ್ಲ. ಓದಿದ ಗೆಳೆಯ ತಿರುಗಿ ಫೋನು ಮಾಡಿದ.

"ಸಿನಿಮಾನೇ ಇಲ್ವಲ್ಲೋ. ಅವ್ವ ನಕ್ಕಿದ್ದು ಬರೀತೀನಿ ಅಂದಿದ್ದೆ?"

"ನಕ್ಕಿರ್ಲಿಲ್ಲ ಅಂತ ಕಾಣ್ತದೆ."

ಅವನು "ಊಟ ಮಾಡ್ದಾ?" ಎಂದು ಕೇಳಿದ. ಮಾಡಿದೆ ಎಂದೆ.

ಮಾರನೆಯ ಸಂಜೆ ಪಾಂಡವಪುರದಲ್ಲಿ ಇಳಿದದ್ದು ಮಿಷನ್ನು ವಾಪಸು ಕೊಡಲು ಮಾತ್ರ. ಅಣ್ಣ ಯಾರದೋ ತಾಳಿ ತಲುಪಿಸಲು ಹೋಗಿದ್ದ. ಅತ್ತಿಗೆ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ತೊಣ್ಣೂರಿನ ಅವರ ತವರಿನಿಂದ ಬಂದದ್ದು, ಮನೆಯೆಲ್ಲ ಅದರ ಸೊಗಡು. ಅವರು ಮದುವೆಯಾಗಿ ಬಂದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಅಂದಿನಿಂದ ನನ್ನನ್ನು ಏಕವಚನದಲ್ಲೇ ಕರೆಯುತ್ತಾರೆ.

"ಏನಪ್ಪ, ಇವತ್ತು ಯಾವ್ ಡಬ್ಬಿ ಮೂಸ್ಬೇಕು?" ಎಂದರು.

"ಇನ್ನೇನೂ ಇಲ್ಲ ಅತ್ತಿಗೆ. ಆ ಸಿನಿಮಾ ಬರೆಯೋದು ಬಿಟ್ಟೆ. ಅವ್ವನಿಗೆ ಕೇಳಿಸ್ತೋ ಇಲ್ವೋ ಗೊತ್ತಾಗ್ಲಿಲ್ಲ."

"ಯಾವ್ದು, ಆ ಡಾಕ್ಟ್ರು ಉಡ್ಗಂದಾ? ಅತ್ತೆ ಮಾರ್ನೆ ದಿಸ ನಂಗೆ ಕತೆ ಪೂರಾ ಏಳುದ್ರಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಡಬ್ಬಿ ಕೇಳ್ದೆ. ಸ್ಟಿಕ್ಕರ್ ಕೇಳ್ದೆ. ಕತೆ ಎಲ್ಲಿ ಕೇಳ್ದೆ?"

ಅವರ ಮುಂದೆ ನೆಲದ ಮೇಲೆ ಕೂತೆ. ಕೈಗೆ ಒಂದು ಹಿಡಿ ಅವರೆಕಾಯಿ ಕೊಟ್ಟರು. ಸುಲಿಯುತ್ತಲೇ ಹೇಳಿದರು.

"ಆ ಉಡ್ಗ ಅವ್ನಲ್ಲ, ಕುತ್ಗೆಗೆ ಡಾಕ್ಟ್ರು ಪೈಪು ಆಕಂಡೋನು, ಅವ್ನು ಆ ಮನೇ ಮಗ್ನಂತೆ. ಚಿಕ್ಕೋನಿದ್ದಾಗ್ಲೇ ಎಲ್ಲೋ ಒಂಟೋಗಿದ್ನಂತೆ. ಓದ್ಕಂಡು ಡಾಕ್ಟ್ರಾಗಿ ಬಂದವ್ನೆ, ಯಾರ್ಗೂ ಗುರ್ತು ಅತ್ಲಿಲ್ವಂತೆ. ಆ ಉಡ್ಗಿ ಅವ್ನ ತಂಗಿ. ಅದ್ಕೇ ಅವ್ಳ ಮೊಕ ನೋಡಿ ನೋಡಿ ಕಣ್ಣಲ್ಲಿ ನೀರಾಕ್ತಾನೆ ಅಂದ್ರು. ಅಪ್ಪನ್ಗೆ ಔಸ್ದಿ ಕೊಡಕೆ ಅಂತ ದಿನಾ ಬತ್ತಾನೆ, ಆದ್ರೆ ನಾನು ನಿನ್ ಮಗ ಅನ್ನಕೆ ಬಾಯಿ ಬರಾಕಿಲ್ಲ. ಅಡ್ಗೆಮನೆ ಬಾಗ್ಲಲ್ಲಿ ಒಬ್ಳು ದಪ್ಪುಕ್ಕೆ ನಿಂತಿರ್ತಾಳಂತಲ್ಲ, ಅವ್ಳು ತಾಯಿ. ಅವ್ಳಿಗೆ ಮೊದ್ಲ ದಿಸ್ವೇ ಗೊತ್ತಾಗೈತೆ. ಗೊತ್ತಿದ್ರೂ ಏಳಾಕಿಲ್ಲ, ಅವ್ನಾಗೇ ಏಳ್ಲಿ ಅಂತ ತಿಂಡಿ ಮಾಡಿ ಮಾಡಿ ನಿಂತಿರ್ತಾಳೆ. ಇಂಗೆ ಕಣಪ್ಪ ಕತೆ. ಚೆನ್ನಾಗೈತೆ, ಅಲ್ವಾ?"

ನನ್ನ ಕೈ ನಿಂತಿತ್ತು. ವಾರವೆಲ್ಲ ಹುಡುಕಿದ್ದಕ್ಕೆ ಉತ್ತರ ಸಿಕ್ಕಿತ್ತು. ಒಂದು ಮಾತೂ ಅವಳಿಗೆ ಕೇಳಿಸಿರಲಿಲ್ಲ. ಸಿನಿಮಾ ಮುಗಿಯುವ ತನಕ ಸದ್ದಿಲ್ಲದ ಪರದೆಯನ್ನು ನೋಡಿ, ಬಾಯಿಗಳು ಅಲ್ಲಾಡುವುದನ್ನು ನೋಡಿ, ತನಗೆ ತೋಚಿದ ಕತೆಯನ್ನು ಕಟ್ಟಿಕೊಂಡಿದ್ದಳು. ಅದಕ್ಕೂ ಮುಂಚೆ ಅಲ್ಲಾಡಿದ ಬಾಯಿ ನನ್ನದು. ಅದರಿಂದ ಅವಳು ಏನು ಕಟ್ಟಿಕೊಂಡಳು?

"ನನ್ ವಿಷಯ ಏನಾದ್ರೂ ಹೇಳಿದ್ಲಾ ಅತ್ತಿಗೆ?"

"ಸಿನಿಮಾ ಕತೆ ಏಳಿ ಮುಗುದ್ಮೇಲೆ ಶುರು ಮಾಡುದ್ರು. 'ಸಿನಿಮಾ ಆಕಕ್ ಮುಂಚೆ ನಿನ್ ಮೈದ ಒಂದ್ ವಿಸ್ಯ ಏಳ್ದ ಕಣವ್ವ' ಅಂದ್ರು."

"ಏನಂತೆ?"

"ಅಷ್ಟ್ರಲ್ಲಿ ನಲ್ಲೀಲಿ ನೀರು ಬಂತು. ಅದು ಬರಾದೇ ಒಂದೀಟೊತ್ತು. ಬಿಂದ್ಗೆ ತಕಂಡು ಎದ್ದೋದೆ."

"ಮತ್ತೆ ಅವ್ವ?"

"ತಲೆ ಬಗ್ಗುಸ್ಕಂಡು ಇಂಗೇ ಅವರೆಕಾಯಿ ಸುಲೀತಿದ್ರು. ನಾ ಎದ್ದೋಗಿದ್ದು ನೋಡ್ಲಿಲ್ಲ ಅಂತ ಕಾಣ್ತದೆ. ನಾನು ಆಚೆ ನಲ್ಲಿ ತಾವ ನಿಂತಿದ್ರೆ ಒಳ್ಗೆ ಏಳ್ತಾನೇ ಇದ್ರು."

"ಏನು ಅಂತ? ಒಂದು ಮಾತಾದ್ರೂ?"

"ನಲ್ಲಿ ಜೋರಾಗಿ ಬೀಳ್ತಾ ಇತ್ತಪ್ಪ. ಖಾಲಿ ಬಿಂದ್ಗೆ ಬ್ಯಾರೆ. ಏನೂ ಕೇಳ್ಸನಿಲ್ಲ."

"ದನಿ ಹೇಗಿತ್ತು? ಅಳೋ ಹಾಗಿತ್ತಾ, ಸಂತೋಷದ ದನಿಯಾ?"

ಅತ್ತಿಗೆ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಯಾಕಪ್ಪ ಇಂಗೆ ಪಿರಾಣ ತಿಂತೀಯ? ಅತ್ತೇಗೆ ಏಳ್ದೋನು ನೀನು. ಏನ್ ಏಳ್ದೆ ಅಂತ ನಿಂಗೇ ಗೊತ್ತಿರ್ಬೇಕಲ್ಲ. ಏನದು, ಈಗ್ಲಾದ್ರೂ ನಂತಾವ ಏಳು."

ನನ್ನ ಕೈಯಲ್ಲಿದ್ದ ಕಾಳುಗಳನ್ನು ಅವರ ಮೊರಕ್ಕೆ ಹಾಕಿದೆ. ಹೇಳಬೇಕೆಂದು ಬಾಯಿ ತೆರೆದೆ.

"ನೆನಪಿಲ್ಲ ಅತ್ತಿಗೆ" ಎಂದೆ.